ಗಣಕಯಂತ್ರದ ಮಿದುಳು: ಅಂಕಿಯ ಓಟ ಮತ್ತು ನಮ್ಮ ಆಯ್ಕೆ

ಹೋದ ತಿಂಗಳು ನಮ್ಮ ಮನೆಯಲ್ಲೊಂದು ಸಣ್ಣ ಕುರುಕ್ಷೇತ್ರವೇ ನಡೆಯಿತು. ಕೊಳ್ಳಬೇಕಾಗಿದ್ದುದು ಒಂದೇ ಕಂಪ್ಯೂಟರು. ಮಗನಿಗೆ ಅದರಲ್ಲಿ ಆಟವಾಡಬೇಕು. ಮಗಳಿಗೆ ಸಂಘದ ರಾಜ್ಯೋತ್ಸವದ ವಿಡಿಯೋ ಜೋಡಿಸಬೇಕು. ಗುಮಾಸ್ತಿಕೆಯ ಸಂಬಳದಲ್ಲಿ ಎರಡು ಯಂತ್ರಗಳ ಮಾತೇ ಇಲ್ಲ. “ಗಿಗಾಹರ್ಟ್ಸ್ ಹೆಚ್ಚಿರುವುದನ್ನೇ ಒಯ್ಯಿರಿ” ಎಂದರು ಅಂಗಡಿಯವರು. ನೌಕರಿಗೆ ಸೇರಿದ ಹೊಸತರಲ್ಲಿ ಹೀಗೆಯೇ ಅಂಕಿ ನೋಡಿ ಒಂದು ಯಂತ್ರ ಕೊಂಡು, ತಂಗಿಯ ಮದುವೆಯ ವಿಡಿಯೋ ತೆರೆಯುವಷ್ಟರಲ್ಲಿ ಅದು ಏದುಸಿರು ಬಿಟ್ಟದ್ದು ನಮಗೆ ನೆನಪಿತ್ತು. ಆದ್ದರಿಂದ ಈ ಸಲ ಪ್ರೊಸೆಸರಿನ ಚರಿತ್ರೆಯನ್ನೇ ಕೆದಕಿದೆವು.

ಇಂಟೆಲ್ ಸಂಸ್ಥೆ 1971ರಲ್ಲಿ ಹೊರತಂದ 4004 ಎಂಬ ಚಿಪ್ಪಿನಲ್ಲಿ ಸುಮಾರು 2,300 ಟ್ರಾನ್ಸಿಸ್ಟರುಗಳಿದ್ದವು. ಅದು ಹುಟ್ಟಿದ್ದು ಜಪಾನಿನ ಕಂಪನಿಯೊಂದರ ಲೆಕ್ಕದ ಯಂತ್ರಕ್ಕಾಗಿ. 1981ರ ಐ.ಬಿ.ಎಂ. ಪಿ.ಸಿ.ಯೊಳಗಿನ 8088 ಸೆಕೆಂಡಿಗೆ 47.7 ಲಕ್ಷ ಬಾರಿ ಮಿಡಿಯುತ್ತಿತ್ತು. 1993ರಲ್ಲಿ ಪೆಂಟಿಯಂ ಬಂದಿತು. ದೆಹಲಿಯಲ್ಲಿ ಇಂಜಿನಿಯರಿಂಗ್ ಓದಿದ ವಿನೋದ್ ಧಾಮ್ ಅವರ ಹೆಸರು ಅದರೊಂದಿಗೆ ಸೇರಿಹೋಗಿದೆ. 2000ದ ಮಾರ್ಚಿಯಲ್ಲಿ ಎ.ಎಂ.ಡಿ. ಸಂಸ್ಥೆಯ ಅಥ್ಲಾನ್ ಒಂದು ಗಿಗಾಹರ್ಟ್ಸ್, ಅಂದರೆ ಸೆಕೆಂಡಿಗೆ ನೂರು ಕೋಟಿ ಮಿಡಿತ, ಮುಟ್ಟಿತು.

ಇಲ್ಲಿಗೆ ಓಟ ಎಡವಿತು. ಅದೇ ವರ್ಷದ ಕೊನೆಗೆ ಬಂದ ಪೆಂಟಿಯಂ 4ರಲ್ಲಿ ಮಿಡಿತ ಹೆಚ್ಚು, ಆದರೆ ಒಂದೊಂದು ಮಿಡಿತಕ್ಕೆ ನಡೆಯುವ ಕೆಲಸ ಕಡಿಮೆ. 2004ರಲ್ಲಿ ಅದು 3.8 ಗಿಗಾಹರ್ಟ್ಸ್ ತಲುಪಿತು; ಶಾಖ ಮಿತಿಮೀರಿತು. 4 ಗಿಗಾಹರ್ಟ್ಸಿನ ಯೋಜನೆಯನ್ನು ಇಂಟೆಲ್ ಕೈಬಿಟ್ಟಿತು. 2005ರಿಂದ ಒಂದೇ ಚಿಪ್ಪಿನಲ್ಲಿ ಎರಡು ‘ಕೋರ್’ಗಳನ್ನು ಕೂರಿಸುವ ಹಾದಿ ಮನೆಬಳಕೆಯ ಯಂತ್ರಗಳಿಗೂ ಬಂದಿತು.

ಕೋರ್ ಎಂದರೆ ಒಬ್ಬ ಗುಮಾಸ್ತನೆಂದೇ ತಿಳಿಯಿರಿ. ನೂರು ಲಕೋಟೆಗೆ ವಿಳಾಸ ಬರೆಯುವುದಾದರೆ ಹತ್ತು ಜನ ಹಂಚಿಕೊಳ್ಳಬಹುದು. ವಿಡಿಯೋ ಸಿದ್ಧಪಡಿಸುವುದು ಬಹುಮಟ್ಟಿಗೆ ಇಂಥ ಕೆಲಸ. ಆಟವಾದರೋ ಮೇಜಿನಿಂದ ಮೇಜಿಗೆ ಸಾಗುವ ಕಡತ. ಹಿಂದಿನವರ ಟಿಪ್ಪಣಿಯಾಗದೆ ಮುಂದಿನವರು ಬರೆಯುವಂತಿಲ್ಲ. ಅಲ್ಲಿ ಬೇಕಾದುದು ಚುರುಕಾದ ಕೆಲವರೇ.

ಇದಕ್ಕೆ 2017ರ ಸಾಕ್ಷ್ಯವಿದೆ. ಎ.ಎಂ.ಡಿ.ಯ ಎಂಟು ಕೋರಿನ ರೈಜೆನ್ ವಿಡಿಯೋ ಕೆಲಸದಲ್ಲಿ ಬಹಳ ದುಬಾರಿ ಚಿಪ್ಪುಗಳಿಗೆ ಸರಿಸಾಟಿಯಾಯಿತು. ಆಟಗಳಲ್ಲಿ ಮಾತ್ರ ಇಂಟೆಲ್‌ನ ನಾಲ್ಕೇ ಕೋರಿನ 7700ಕೆ ಅನೇಕ ಕಡೆ ಮುಂದಿತ್ತು. 2022ರಲ್ಲಿ ಬಂದ ರೈಜೆನ್ 5800ಎಕ್ಸ್3ಡಿಯ ಕಥೆ ಇನ್ನೂ ಸ್ವಾರಸ್ಯ. ಅದರ ಮಿಡಿತ ತನ್ನ ಅಣ್ಣ 5800ಎಕ್ಸ್‌ಗಿಂತ ಕಡಿಮೆ. ಆದರೆ ಕ್ಯಾಶೆ ಎಂಬ ಹತ್ತಿರದ ಸ್ಮೃತಿ 96 ಮೆಗಾಬೈಟ್. ದಾಖಲೆ ಕೋಣೆಗೆ ಓಡದೆ ಕಡತ ಮೇಜಿನ ಮೇಲೆಯೇ ಸಿಕ್ಕಂತೆ! ಅನೇಕ ಆಟಗಳಲ್ಲಿ ಅದು ಅಣ್ಣನನ್ನು ಹಿಂದೆ ಹಾಕಿತು. ವಿಡಿಯೋದಲ್ಲಿ ಆ ಲಾಭ ಕಾಣಲಿಲ್ಲ.

ಹೀಗೆ, ಐವತ್ತು ವರ್ಷಗಳ ಚರಿತ್ರೆ ಹೇಳುವುದು ಒಂದೇ ಮಾತು: ಡಬ್ಬಿಯ ಮೇಲಿನ ಅಂಕಿಯನ್ನಲ್ಲ, ಮನೆಯ ಕೆಲಸವನ್ನು ಮೊದಲು ನೋಡಿ. ನಾವು ಮಧ್ಯಮ ಬೆಲೆಯ ಎಂಟು ಕೋರಿನದನ್ನು ಆರಿಸಿ, ಉಳಿದ ಹಣವನ್ನು ಗ್ರಾಫಿಕ್ಸ್ ಕಾರ್ಡಿಗೂ ಸ್ಮೃತಿಗೂ ಹಾಕಿದೆವು. ಆಟಕ್ಕೂ ಕೊರತೆಯಾಗಲಿಲ್ಲ, ರಾಜ್ಯೋತ್ಸವದ ವಿಡಿಯೋ ಕೂಡ ಹೊತ್ತಿಗೆ ಮುಗಿಯಿತು. ಇನ್ನು ಮೊದಲ ಸರದಿ ಯಾರದೆಂಬ ಜಗಳವನ್ನು ಬಗೆಹರಿಸುವ ಪ್ರೊಸೆಸರು ಮಾತ್ರ ಇನ್ನೂ ಬಂದಿಲ್ಲ.