ಪರದೆಯ ಮೇಲಿನ ಕನ್ನಡ: ಕೈಪರೀಕ್ಷೆ, ಯಂತ್ರಪರೀಕ್ಷೆ

ಅಚ್ಚುಕೂಟದಲ್ಲಿ ಕರಡು ತಿದ್ದುವ ಕೆಲಸವನ್ನು ಕಂಡವರಿಗೆ ಗಣಕದ ಪರದೆಯನ್ನು ಪರೀಕ್ಷಿಸುವುದೆಂದರೇನೆಂದು ಹೆಚ್ಚು ವಿವರಿಸಬೇಕಾಗಿಲ್ಲ. ೧೮೯೪ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನವರು ಕಿಟೆಲ್ಲರ ನಿಘಂಟನ್ನು ಹೊರತಂದರಷ್ಟೆ. ಅದರ ಒಂದೊಂದು ಪುಟದ ಹಿಂದೆಯೂ ಮೊಳೆ ಜೋಡಿಸಿದವನ ಕೈಯೂ ಕರಡು ನೋಡಿದವನ ಕಣ್ಣೂ ದುಡಿದಿರಲೇಬೇಕು. ಒತ್ತಕ್ಷರದ ಮೊಳೆ ಜಾರಿದರೆ, ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹೋಗಿ ಕುಳಿತರೆ, ಶಬ್ದವೇ ಬೇರೆ. ಆದರೆ ಅಚ್ಚಿನ ಪುಟ ಒಮ್ಮೆ ಸರಿಹೋದರೆ ಮುಗಿಯಿತು. ಪರದೆ ಹಾಗಲ್ಲ, ಬಳಸುವವನು ಮುಟ್ಟಿದಂತೆಲ್ಲ ಅದು ಹೊಸದಾಗಿ ಹುಟ್ಟುತ್ತದೆ. ಆದಕಾರಣ ಅದರ ಕರಡನ್ನು ಮತ್ತೆ ಮತ್ತೆ ತಿದ್ದಬೇಕು.

೧೯೯೮ರಲ್ಲಿ ಶೇಷಾದ್ರಿವಾಸು ಅವರ 'ಬರಹ'ವೂ ಅನಂತರ ಕನ್ನಡ ಗಣಕ ಪರಿಷತ್ತಿನ 'ನುಡಿ'ಯೂ ಬಂದು ಕನ್ನಡಿಗರ ಕೈಗೆ ಕೀಲಿಮಣೆಯನ್ನಿತ್ತವು. ಆಗಿನ ಪದ್ಧತಿಯಲ್ಲಿ ಕನ್ನಡ ಅಕ್ಷರದ ಚೂರುಗಳನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕೂರಿಸಲಾಗಿತ್ತು. ಕಣ್ಣಿಗೆ ಕನ್ನಡ, ಯಂತ್ರದ ಹೊಟ್ಟೆಯೊಳಗೆ ಬೇರೇನೋ. ೧೯೯೧ರಲ್ಲಿಯೇ ಪ್ರಕಟವಾದ ಯೂನಿಕೋಡ್ ಸಂಕೇತಾವಳಿಯಲ್ಲಿ ಕನ್ನಡಕ್ಕೆ ಸ್ವಂತ ಸ್ಥಾನವಿದ್ದಿತಾದರೂ, ೨೦೦೧ರ ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಎಂಬ ಅಕ್ಷರರೂಪ ಬಂದಮೇಲೆಯೇ ಅದು ಸಾಮಾನ್ಯರ ಗಣಕವನ್ನು ತಲುಪಿತೆನ್ನಬಹುದು.

ಊರಿನ ಹೆಸರನ್ನು ತುಂಬಲು ಪರದೆಯ ಮೇಲೆ ಒಂದು ಚೌಕವಿದೆಯೆಂದು ಭಾವಿಸೋಣ. ಅದನ್ನು ಪರೀಕ್ಷಿಸಲು ದೂರ ಹೋಗಬೇಕಿಲ್ಲ. ನಮ್ಮ ಘಟ್ಟದ ಮೇಲಿನ ಮೂರು ತಾಲ್ಲೂಕುಗಳ ಹೆಸರೇ ಸಾಕು. ಯಲ್ಲಾಪುರವೂ ಸಿದ್ದಾಪುರವೂ ಬಾಯಲ್ಲಿ ನಾಲ್ಕು ನಾಲ್ಕು ಅಕ್ಷರ. ಯಂತ್ರದ ಲೆಕ್ಕದಲ್ಲಿ ವ್ಯಂಜನ, ಗುಣಿತಚಿಹ್ನೆ, ಒತ್ತನ್ನು ತರುವ ಹಲಂತ, ಎಲ್ಲವೂ ಬೇರೆ ಬೇರೆ. ಆದುದರಿಂದ ಯಲ್ಲಾಪುರಕ್ಕೆ ೮ ಸಂಕೇತ, ಸಿದ್ದಾಪುರಕ್ಕೆ ೯. ಚೌಕವನ್ನು ಮಾಡಿದವನು ಎಂಟೇ ಸಂಕೇತಗಳಿಗೆ ಮಿತಿ ಹಾಕಿದ್ದನೆನ್ನಿ. ಯಲ್ಲಾಪುರ ಪೂರ್ತಿ ಹಿಡಿಯಿತು. ಸಿದ್ದಾಪುರ 'ಸಿದ್ದಾಪು' ಎಂದು ನಿಂತಿತು. ಯಲ್ಲಾಪುರವೊಂದನ್ನೇ ಬರೆದು ನೋಡಿದವನು ಎಲ್ಲ ಸರಿಯಿದೆಯೆಂದು ಸಹಿ ಹಾಕಿಬಿಡುತ್ತಾನೆ!

ಮೂರನೆಯದು ಇನ್ನೂ ಸ್ವಾರಸ್ಯದ್ದು. 'ಶಿರಸಿ' ಎಂದು ಬರೆದರೆ ಅಕಾರಾದಿಯಲ್ಲಿ ಸಿದ್ದಾಪುರಕ್ಕಿಂತ ಮೊದಲು. 'ಸಿರ್ಸಿ' ಎಂದು ಬರೆದರೆ ಅದರ ನಂತರ. ಮೇಲಾಗಿ, ಉಚ್ಚಾರದಲ್ಲಿ ಮೊದಲು ಬರುವ ರೇಫೆಯು ಬರಹದಲ್ಲಿ 'ಸಿ'ಯ ಬಲಕ್ಕೆ ಅರ್ಕಾವತ್ತಾಗಿ ನಿಲ್ಲಬೇಕು. ಸಂಕೇತಗಳ ಅನುಕ್ರಮ ಸರಿಯಿದ್ದೂ ರೂಪ ಕೆಡಬಹುದು. ಅನುಕ್ರಮವನ್ನಷ್ಟೇ ನೋಡುವ ಯಂತ್ರಪರೀಕ್ಷೆಗೆ ಆ ದೋಷ ಕಾಣದು. ಕನ್ನಡ ಬಲ್ಲ ಕಣ್ಣಿಗೆ ಕ್ಷಣದಲ್ಲಿ ಕಾಣುತ್ತದೆ.

ಹಾಗಾದರೆ ಯಂತ್ರಪರೀಕ್ಷೆ ಏಕೆ ಬೇಕಾಯಿತು? ಮನುಷ್ಯನಿಗೆ ಬೇಸರವಾಗುತ್ತದೆ, ಅದಕ್ಕೆ. ೧೯೮೩ರಲ್ಲಿ ಅಮೆರಿಕದ ಆಪಲ್ ಸಂಸ್ಥೆಯ ಸ್ಟೀವ್ ಕ್ಯಾಪ್ಸ್ ಎಂಬವರು ಮ್ಯಾಕಿಂಟಾಷ್ ಗಣಕಕ್ಕಾಗಿ ಒಂದು ಪುಟ್ಟ ಕ್ರಮವಿಧಿಯನ್ನು ಬರೆದರು. ಅದಕ್ಕೆ 'ಮಂಗ' ಎಂದೇ ಹೆಸರು. ಅದು ಹೊತ್ತುಗೊತ್ತಿಲ್ಲದೆ ಕಂಡಕಂಡ ಗುಂಡಿಯನ್ನು ಒತ್ತುತ್ತಿತ್ತು, ಕೈಗೆ ಸಿಕ್ಕ ಅಕ್ಷರವನ್ನು ಕುಟ್ಟುತ್ತಿತ್ತು. ಅಡಕೆ ತೋಟಕ್ಕೆ ಮಂಗನ ಹಿಂಡು ಇಳಿದುದನ್ನು ನೋಡಿದ ನಮ್ಮವರಿಗೆ ಆ ಹೆಸರಿನ ಔಚಿತ್ಯವನ್ನು ಹೇಳಬೇಕೇ? ಒಂದು ತೊಡಕೂ ಬಂದಿತು: ಕುಟ್ಟುತ್ತ ಕುಟ್ಟುತ್ತ ಮಂಗ 'ಮುಗಿಸು' ಎಂಬ ಆಜ್ಞೆಯನ್ನೇ ಒತ್ತಿಬಿಡುತ್ತಿತ್ತು, ಪರೀಕ್ಷೆ ಅಲ್ಲಿಗೇ ನಿಲ್ಲುತ್ತಿತ್ತು. ಮಂಗ ಆಡುತ್ತಿರುವಾಗ ಆ ಆಜ್ಞೆ ನಡೆಯದಂತೆ ಕಟ್ಟು ಮಾಡಬೇಕಾಯಿತು.

ಮಂಗನಿಗೆ ಗುರಿಯಿರಲಿಲ್ಲ. ಗುರಿಯಿಟ್ಟು ಒತ್ತುವ ಸಾಧನಗಳು ಕ್ರಮೇಣ ಬಂದವು. ೨೦೦೪ರಲ್ಲಿ ಜೇಸನ್ ಹಗಿನ್ಸ್ ಅವರು ಆರಂಭಿಸಿದ 'ಸೆಲೆನಿಯಮ್' ಅವುಗಳಲ್ಲಿ ಪ್ರಸಿದ್ಧವಾದುದು. ಈ ಚೌಕದಲ್ಲಿ ಇದನ್ನು ಬರೆ, ಆ ಗುಂಡಿಯನ್ನು ಒತ್ತು, ಇಂಥ ಉತ್ತರ ಬಂದಿತೇ ನೋಡು, ಎಂದು ಒಮ್ಮೆ ಬರೆದಿಟ್ಟರೆ ಸಾವಿರ ಸಲ ತಪ್ಪದೆ ಮಾಡುತ್ತದೆ.

ಕನ್ನಡದ ಮಟ್ಟಿಗೆ ದೊಡ್ಡ ಯಂತ್ರಪರೀಕ್ಷೆ ನಡೆದುದು ೨೦೧೨ರ ಸುಮಾರಿಗೆ, ಸಂಕೇತಗಳನ್ನು ಅಕ್ಷರರೂಪಕ್ಕೆ ತಿರುಗಿಸುವ 'ಹಾರ್ಫ್‌ಬಜ್' ಎಂಬ ತಂತ್ರಾಂಶದಲ್ಲಿ. ಅದರ ಕರ್ತೃ ಬೆಹದಾದ್ ಎಸ್ಫಹಬೋದ್. ವಿಕಿಪೀಡಿಯದಿಂದ ಆಯ್ದ ಒಂಬತ್ತು ಲಕ್ಷಕ್ಕೂ ಮೇಲ್ಪಟ್ಟ ಕನ್ನಡ ಶಬ್ದಗಳನ್ನು ತಮ್ಮ ಯಂತ್ರದಿಂದಲೂ ಮೈಕ್ರೋಸಾಫ್ಟಿನ ಯಂತ್ರದಿಂದಲೂ ಮೂಡಿಸಿ, ಎರಡರ ಫಲವನ್ನೂ ಯಂತ್ರದಿಂದಲೇ ಹೋಲಿಸಿದರು. ಹೊಂದದೆ ಉಳಿದವು ಸಾವಿರಕ್ಕೆ ಒಂದಕ್ಕಿಂತಲೂ ಕಡಿಮೆ. ಅಷ್ಟನ್ನು ಓದಲು ಎಷ್ಟು ಮಂದಿ ಕರಡು ತಿದ್ದುವವರು ಬೇಕಾಗುತ್ತಿತ್ತೋ! ಆದರೂ ಹೊಂದದೆ ಉಳಿದ ಶಬ್ದಗಳಲ್ಲಿ ಯಾವ ಯಂತ್ರದ್ದು ತಪ್ಪೆಂದು ನಿರ್ಣಯಿಸಲು ಕೊನೆಗೆ ಕಣ್ಣೇ ಬೇಕು.

೨೦೧೮ರ ಫೆಬ್ರವರಿಯಲ್ಲಿ ನೆರೆಯ ತೆಲುಗಿನ 'ಜ್ಞಾ' ಅಕ್ಷರವು, ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತದೊಡನೆ ಬಂದಾಗ, ಐಫೋನಿನ ಸಂದೇಶದ ಕಿಟಕಿಯನ್ನೇ ಕೆಡವುತ್ತಿತ್ತು. ಆಪಲ್ ಸಂಸ್ಥೆ ಅದೇ ತಿಂಗಳು ತಿದ್ದುಪಡಿಯನ್ನು ಹೊರಡಿಸಿತು. ಜ್ಞಾನವೆಂಬ ಪದದ ಮೊದಲಕ್ಷರವೇ ಯಂತ್ರಕ್ಕೆ ಭಾರವಾದುದು ವಿಚಿತ್ರವಲ್ಲವೇ?

ನಮ್ಮ ತಾಲ್ಲೂಕಿನ ಕಚೇರಿಗಳಲ್ಲಿ ಈ ವಿಷಯ ವಿನೋದದ್ದಾಗಿ ಉಳಿಯಲಿಲ್ಲ. 'ಭೂಮಿ' ಯೋಜನೆಯಿಂದ ೨೦೦೨ರ ವೇಳೆಗೆ ರಾಜ್ಯದ ೬೭ ಲಕ್ಷ ರೈತರ ಸುಮಾರು ಎರಡು ಕೋಟಿ ಪಹಣಿಗಳು ಗಣಕವನ್ನು ಸೇರಿದವು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಮೊದಲು ಎಲ್ಲವನ್ನೂ ಅಚ್ಚು ತೆಗೆದು, ಗ್ರಾಮಲೆಕ್ಕಿಗರು ಹಳೆಯ ಪುಸ್ತಕಗಳೊಡನೆ ತಾಳೆ ನೋಡಬೇಕಾಯಿತು. ಅದೂ ಹಸ್ತಪರೀಕ್ಷೆಯೇ. 'ಹೆಗಡೆ' ಎಂದಿದ್ದುದು 'ಹೆಗ್ಡೆ' ಎಂದಾದರೆ ಯಂತ್ರಕ್ಕೆ ಅವರಿಬ್ಬರು ಬೇರೆ ಬೇರೆ ಮನುಷ್ಯರು. ಒಂದು ಹಲಂತದ ವ್ಯತ್ಯಾಸಕ್ಕಾಗಿ ತೋಟದ ಮೇಲಿನ ಬೆಳೆಸಾಲಕ್ಕೂ ಪಾಲುಪಟ್ಟಿಗೂ ತಡೆ ಬೀಳಬಹುದು. ಚೌಕ ಎರಡನ್ನೂ ದೋಷವಿಲ್ಲದೆ ತೆಗೆದುಕೊಳ್ಳುತ್ತದೆ. ಎರಡೂ ಶುದ್ಧ ಕನ್ನಡವೇ. ಯಾವುದು ತನ್ನ ಹೆಸರೆಂದು ಬಲ್ಲವನು ಜಮೀನಿನ ಒಡೆಯನೊಬ್ಬನೇ. ಭೂಮಿ ಕೇಂದ್ರದ ಕಟ್ಟೆಯ ಮೇಲೆ, ಗುಮಾಸ್ತರ ಪರದೆಯಲ್ಲದೆ, ಹದಿನೈದು ರೂಪಾಯಿ ಕೊಟ್ಟು ಪಹಣಿಗಾಗಿ ನಿಂತ ರೈತನ ಕಡೆಗೆ ತಿರುಗಿಸಿದ ಇನ್ನೊಂದು ಪರದೆಯನ್ನೂ ಇರಿಸಿದ್ದರು.