ಸಿಸ್ಟರ್ ಚೆನ್ನಾಗಿ ಮಾತನಾಡಿಸಿದರೆ ಚಿಕಿತ್ಸೆಯೂ ಚೆನ್ನಾಗಿರುತ್ತದೆಯೇ?

"ಆ ಆಸ್ಪತ್ರೆಗೇ ಹೋಗಿ, ಸಿಸ್ಟರ್‌ಗಳು ನಗುನಗುತ್ತಾ ಮಾತನಾಡಿಸುತ್ತಾರೆ, ಟ್ರೀಟ್‌ಮೆಂಟ್ ಸೂಪರ್." ಫ್ಯಾಮಿಲಿ ಗ್ರೂಪ್‌ಗಳಲ್ಲಿ ಇಂಥ ಸಲಹೆ ಸಾಮಾನ್ಯ. ಇದು ಎಷ್ಟು ನಿಜ? ಸಂಶೋಧನೆಗಳು ಏನು ಹೇಳುತ್ತವೆ ಎಂದು ನೋಡೋಣ.

ತೃಪ್ತಿಯನ್ನು ಅಳೆಯುವುದು ಹೇಗೆ?

ಅಮೆರಿಕದಲ್ಲಿ ಆಸ್ಪತ್ರೆಯಿಂದ ಡಿಸ್ಚಾರ್ಜ್ ಆದ ರೋಗಿಗಳ ಅನುಭವ ತಿಳಿಯಲು 'ಎಚ್‌ಕ್ಯಾಪ್ಸ್' ಎಂಬ ಸಮೀಕ್ಷೆ ಇದೆ. ಇದರ ಫಲಿತಾಂಶಗಳು 2008ರಿಂದ ಸಾರ್ವಜನಿಕವಾಗಿ ಪ್ರಕಟವಾಗುತ್ತಿವೆ. ನರ್ಸ್‌ಗಳ ಮಾತುಕತೆಯ ಬಗ್ಗೆ ಅದರಲ್ಲಿ ಮೂರು ಪ್ರಶ್ನೆಗಳಿವೆ: ನಿಮ್ಮನ್ನು ಗೌರವದಿಂದ ಕಂಡರೇ? ನೀವು ಹೇಳಿದ್ದನ್ನು ಗಮನವಿಟ್ಟು ಕೇಳಿಸಿಕೊಂಡರೇ? ಅರ್ಥವಾಗುವಂತೆ ವಿವರಿಸಿದರೇ? ಗಮನಿಸಿ, ನಗುವಿನ ಪ್ರಶ್ನೆಯೇ ಇಲ್ಲ.

ರೋಗಿಗಳು ಆಸ್ಪತ್ರೆಗೆ ಕೊಡುವ ಒಟ್ಟು ಅಂಕದ ಜೊತೆ ಅತಿ ಹತ್ತಿರದ ನಂಟು ಇರುವುದು ಈ ಮೂರು ಉತ್ತರಗಳಿಗೇ. ಕಾರಣ ಸರಳ. ಡಾಕ್ಟರ್ ರೌಂಡ್ಸ್‌ಗೆ ಬಂದು ಹೋಗುತ್ತಾರೆ, ಹಗಲು ರಾತ್ರಿ ಹಾಸಿಗೆಯ ಪಕ್ಕಕ್ಕೆ ಬರುವವರು ನರ್ಸ್.

ಮಾತಿನಿಂದ ತೃಪ್ತಿ ಮಾತ್ರವೇ?

ಅಲ್ಲ. ಅಮೆರಿಕದ ಆಸ್ಪತ್ರೆಗಳಲ್ಲಿ ನಡೆದು 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ನರ್ಸ್‌ಗಳು ಗಂಟೆಗೊಮ್ಮೆ ತಾವಾಗಿಯೇ ಹೋಗಿ ನೋವಿದೆಯೇ, ಶೌಚಾಲಯಕ್ಕೆ ಹೋಗಬೇಕೇ ಎಂದು ವಿಚಾರಿಸಿದರು. ತೃಪ್ತಿ ಹೆಚ್ಚಿತು. ರೋಗಿಗಳು ಬೆಲ್ ಒತ್ತುವುದೂ ಬೀಳುವ ಘಟನೆಗಳೂ ಕಡಿಮೆಯಾದವು.

ಹಾಗಾದರೆ ತೃಪ್ತಿಯೇ ಗುಣಮಟ್ಟವೇ?

ಇಲ್ಲಿ ಎಚ್ಚರ ಬೇಕು. ಅಮೆರಿಕದ 50 ಸಾವಿರಕ್ಕೂ ಹೆಚ್ಚು ಜನರ ಮಾಹಿತಿ ಆಧರಿಸಿ 2012ರಲ್ಲಿ ಪ್ರಕಟವಾದ ಅಧ್ಯಯನ ನೋಡಿ. ವೈದ್ಯರ ಬಗ್ಗೆ ಅತಿ ಹೆಚ್ಚು ತೃಪ್ತಿ ಇದ್ದವರಲ್ಲಿ ಔಷಧ ವೆಚ್ಚವೂ ಸಾವಿನ ಪ್ರಮಾಣವೂ ಹೆಚ್ಚಾಗಿದ್ದವು. ತೃಪ್ತಿಯಿಂದಲೇ ಹೀಗಾಯಿತು ಎಂದು ಇದರ ಅರ್ಥವಲ್ಲ. ಆದರೆ ರೋಗಿ ಖುಷಿಯಾಗಿದ್ದಾರೆ ಎಂಬ ಒಂದೇ ಕಾರಣಕ್ಕೆ ಚಿಕಿತ್ಸೆ ಸರಿಯಾಗಿದೆ ಎನ್ನಲಾಗದು.

ಸಿಡುಕುವ ಸಿಸ್ಟರ್ ಕೆಟ್ಟವರೇ?

ಯುರೋಪಿನ 12 ದೇಶಗಳು ಮತ್ತು ಅಮೆರಿಕದಲ್ಲಿ ನಡೆದ ಅಧ್ಯಯನದಲ್ಲಿ, ಒಬ್ಬ ನರ್ಸ್‌ಗೆ ಹೆಚ್ಚು ರೋಗಿಗಳಿದ್ದ ಆಸ್ಪತ್ರೆಗಳಿಗೆ ರೋಗಿಗಳು ಕಡಿಮೆ ಅಂಕ ಕೊಟ್ಟಿದ್ದರು. ನಿಂತು ವಿವರಿಸಲು ಸಮಯವೇ ಇಲ್ಲದಿದ್ದರೆ ಒಳ್ಳೆಯ ಸ್ವಭಾವ ಒಂದರಿಂದಲೇ ಏನಾದೀತು?

ನಮ್ಮ ತೀರ್ಮಾನ: ಅರ್ಧ ಸತ್ಯ

ನರ್ಸ್ ಮಾತು ಮುಖ್ಯ, ಆದರೆ ನಗು ಚಿಕಿತ್ಸೆಯ ಸರ್ಟಿಫಿಕೇಟ್ ಅಲ್ಲ. ಡಿಸ್ಚಾರ್ಜ್ ದಿನ ಯಾವ ಮಾತ್ರೆ, ಯಾವಾಗ, ಎಷ್ಟು ದಿನ ಎಂದು ಕೇಳಿ, ನಿಮ್ಮ ಮಾತಿನಲ್ಲೇ ಸಿಸ್ಟರ್‌ಗೆ ತಿರುಗಿ ಹೇಳಿ. ತಪ್ಪು ತಿಳಿದಿದ್ದರೆ ಅಲ್ಲೇ ಸರಿಯಾಗುತ್ತದೆ. ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ.