ತ್ರಿಯೆಸ್ತೆಯ ತಂಡವೂ ಮಿಲಾನಿನ ದಾರಿಯೂ

ಆಡ್ರಿಯಾಟಿಕ್ ಸಮುದ್ರದ ಉತ್ತರದ ತುದಿಯಲ್ಲಿ, ಕಾರ್ಸ್ಟ್ ಎಂಬ ಸುಣ್ಣಕಲ್ಲಿನ ಪ್ರಸ್ಥಭೂಮಿಯ ಬುಡದಲ್ಲಿರುವ ತ್ರಿಯೆಸ್ತೆ ನಗರಕ್ಕೂ ಸ್ಲೊವೇನಿಯಾದ ಗಡಿಗೂ ನಡುವೆ ಹತ್ತು ಕಿಲೋಮೀಟರಿನಷ್ಟೂ ಅಂತರವಿಲ್ಲ. 1719ರಲ್ಲಿ ಸುಂಕಮುಕ್ತ ಬಂದರೆಂದು ಘೋಷಿತವಾಗಿ ಹ್ಯಾಬ್ಸ್‌ಬರ್ಗ್ ಸಾಮ್ರಾಜ್ಯದ ಸಮುದ್ರದ್ವಾರವಾಗಿ ಬೆಳೆದ ಈ ನಗರ ಮೊದಲ ಮಹಾಯುದ್ಧದ ಬಳಿಕ ಇಟಲಿಯ ಪಾಲಾಯಿತು. ಎರಡನೆಯದರ ಬಳಿಕ, 1947ರಿಂದ 1954ರವರೆಗೆ, ಯಾವ ದೇಶಕ್ಕೂ ಸೇರದ ‘ಮುಕ್ತ ಪ್ರದೇಶ’ದ ಭಾಗವಾಗಿ ಬ್ರಿಟಿಷ್ ಮತ್ತು ಅಮೆರಿಕನ್ ಸೇನಾಡಳಿತದ ಕೆಳಗಿತ್ತು. ಇಟಲಿ ಮತ್ತು ಯುಗೊಸ್ಲಾವಿಯಗಳು ಗಡಿಯನ್ನು ಅಂತಿಮವಾಗಿ ಒಪ್ಪಿ ಓಸಿಮೊ ಒಪ್ಪಂದಕ್ಕೆ ಸಹಿ ಹಾಕಿದ್ದು 1975ರಲ್ಲಿ. ನಗರದ ಇಂದಿನ ವೃತ್ತಿಪರ ಬಾಸ್ಕೆಟ್‌ಬಾಲ್ ಸಂಸ್ಥೆಯಾದ ‘ಪಲ್ಲಕನೆಸ್ತ್ರೊ ತ್ರಿಯೆಸ್ತೆ’ ಹುಟ್ಟಿದ್ದೂ ಅದೇ ವರ್ಷ. ಇದು ಕೇವಲ ಕಾಕತಾಳೀಯ; ಆದರೆ ತಂಡದ ಏಳುಬೀಳುಗಳನ್ನು ಗಡಿಯ ಚರಿತ್ರೆಯಿಂದ ಬೇರ್ಪಡಿಸಿ ಓದಲಾಗದು.

ಈ ಆಟಕ್ಕೆ ನಗರದಲ್ಲಿ ನೆಲೆ ಒದಗಿಸಿದ್ದು 1863ರಲ್ಲಿ ಸ್ಥಾಪನೆಯಾದ ವ್ಯಾಯಾಮ ಸಂಘ ‘ಜಿನ್ನಾಸ್ತಿಕಾ ತ್ರಿಯೆಸ್ತಿನಾ’. ಆಸ್ಟ್ರಿಯಾದ ಆಳ್ವಿಕೆಯಲ್ಲಿದ್ದ ಇಟಾಲಿಯನ್ ಭಾಷಿಕರ ಊರುಗಳು ಇಟಲಿಯನ್ನು ಸೇರಬೇಕೆಂಬ ಚಳವಳಿಗೆ, ಅಂದರೆ ಇರ್ರೆದೆಂತಿಸಂ ಎಂದು ಹೆಸರಾದ ರಾಜಕೀಯಕ್ಕೆ, ಇಂಥ ಗರಡಿಗಳೇ ಆಸರೆಯಾಗಿದ್ದುದರಿಂದ ಆಸ್ಟ್ರಿಯಾದ ಅಧಿಕಾರಿಗಳು ಈ ಸಂಘವನ್ನು ಒಂದಕ್ಕಿಂತ ಹೆಚ್ಚು ಬಾರಿ ವಿಸರ್ಜಿಸಿದ್ದರು. 1930, 1932, 1934, 1940 ಮತ್ತು 1941ರಲ್ಲಿ ಇದರ ಬಾಸ್ಕೆಟ್‌ಬಾಲ್ ತಂಡ ಇಟಲಿಯ ಚಾಂಪಿಯನ್ ಆಯಿತು. ಆ ಗೆಲುವುಗಳ ಕಾಲ ಎಲ್ಲರ ಪಾಲಿಗೂ ಸಂಭ್ರಮದ್ದಾಗಿರಲಿಲ್ಲ ಎಂಬುದನ್ನು ಮರೆಯಬಾರದು: 1920ರ ಜುಲೈನಲ್ಲಿ ನಗರದ ಸ್ಲೊವೀನ್ ಜನರ ‘ನಾರೊದ್ನಿ ದೋಮ್’ ಎಂಬ ಸಾಂಸ್ಕೃತಿಕ ಭವನವನ್ನು ಫ್ಯಾಸಿಸ್ಟರು ಸುಟ್ಟಿದ್ದರು, ಮುಂದಿನ ವರ್ಷಗಳಲ್ಲಿ ಸ್ಲೊವೀನರ ಸಂಘಗಳು ಮುಚ್ಚಿಹೋದವು, ಮನೆತನದ ಹೆಸರುಗಳೂ ಇಟಾಲಿಯನ್ ರೂಪಕ್ಕೆ ತಿರುಗಿದವು. ಸ್ಲೊವೀನ್ ಅಲ್ಪಸಂಖ್ಯಾತರು ‘ಬೋರ್’, ‘ಯಾದ್ರಾನ್’ ಎಂಬ ತಮ್ಮದೇ ಕ್ರೀಡಾಸಂಘಗಳನ್ನು ಕಟ್ಟಿಕೊಂಡದ್ದು ಎರಡನೆಯ ಮಹಾಯುದ್ಧ ಮುಗಿದ ಮೇಲೆಯೇ.

ಸೇನಾಡಳಿತದ ಕಾಲದಲ್ಲಿ ಆಟದ ಮೈದಾನಕ್ಕೆ ಎಷ್ಟು ರಾಜಕೀಯ ಹೊಕ್ಕಿತ್ತೆಂಬುದಕ್ಕೆ ಫುಟ್‌ಬಾಲೇ ಹೆಚ್ಚು ಒಳ್ಳೆಯ ಸಾಕ್ಷಿ. ಒಂದೇ ನಗರದ ತ್ರಿಯೆಸ್ತಿನಾ ತಂಡ ಇಟಲಿಯ ಲೀಗಿನಲ್ಲಿಯೂ ಪೊಂಜಿಯಾನಾ ತಂಡ 1946ರಿಂದ ಮೂರು ಋತುಗಳ ಕಾಲ ಯುಗೊಸ್ಲಾವಿಯದ ಲೀಗಿನಲ್ಲಿಯೂ ಆಡಿದವು. 1947ರಲ್ಲಿ ತ್ರಿಯೆಸ್ತಿನಾ ಕೊನೆಯ ಸ್ಥಾನಕ್ಕಿಳಿದರೂ ಇಟಲಿ ಅದನ್ನು ಮೊದಲ ದರ್ಜೆಯಲ್ಲೇ ಉಳಿಸಿಕೊಂಡಿತು. ಬಾಸ್ಕೆಟ್‌ಬಾಲಿಗೆ ಅಂಥ ಕೃಪೆ ದೊರೆಯಲಿಲ್ಲ. ಅದರ ಪ್ರತಿಭೆ ಊರು ಬಿಟ್ಟು ಹೊರಟಿತು. 1923ರಲ್ಲಿ ಇಲ್ಲಿ ಹುಟ್ಟಿ ಇಲ್ಲಿಯೇ ಆಟ ಕಲಿತ ಚೆಸಾರೆ ರುಬೀನಿ ಯುದ್ಧಾನಂತರ ಒಲಿಂಪಿಯಾ ಮಿಲಾನೊ ಸೇರಿ, ಮೊದಲು ಆಟಗಾರನಾಗಿ, ಮುಂದೆ ತರಬೇತುದಾರನಾಗಿ, ಅದನ್ನು ದೇಶದ ಅಗ್ರ ತಂಡವಾಗಿಸಿದರು. 1966ರಲ್ಲಿ ಯುರೋಪಿನ ಚಾಂಪಿಯನ್ನರ ಕಪ್ಪನ್ನೂ ಗೆದ್ದುಕೊಟ್ಟರು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದ ಇಟಲಿಯ ವಾಟರ್‌ಪೋಲೊ ತಂಡದಲ್ಲಿಯೂ ಇದ್ದ ಇವರ ಹಿಂದೆಯೇ ತ್ರಿಯೆಸ್ತೆಯ ಇನ್ನೊಬ್ಬ ದೊಡ್ಡ ಆಟಗಾರ ಜಾನ್‌ಫ್ರಾಂಕೊ ಪಿಯೇರಿಯೂ ಮಿಲಾನಿನ ದಾರಿ ಹಿಡಿದರು.

1975ರ ಹೊಸ ಸಂಸ್ಥೆ ಹಳೆಯ ಸಂಘಗಳಿಗಿಂತ ಬೇರೆಯೇ ಬಗೆಯದು. ಇಟಲಿಯ ಪದ್ಧತಿಯಂತೆ ತಂಡವನ್ನು ಊರಿನ ಹೆಸರಿನೊಂದಿಗೆ, ಎಷ್ಟೋ ವೇಳೆ ಅದನ್ನೂ ಬಿಟ್ಟು, ಪ್ರಾಯೋಜಕ ಕಂಪನಿಯ ಹೆಸರಿನಿಂದಲೇ ಕರೆಯುವುದರಿಂದ, ಪ್ರಾಯೋಜಕರು ಬದಲಾದಂತೆಲ್ಲ ತಂಡದ ಹೆಸರೂ ಬದಲಾಗುತ್ತ ಹೋಯಿತು. 1980ರ ದಶಕದಲ್ಲಿ ಆ ಸ್ಥಾನಕ್ಕೆ ಬಂದದ್ದು ತ್ರೆವೀಸೊ ಪ್ರಾಂತದ ಉಡುಪಿನ ಕಂಪನಿಯಾದ ಸ್ತೆಫನೆಲ್. 1986ರಲ್ಲಿ ತರಬೇತುದಾರನಾಗಿ ನೇಮಕಗೊಂಡ ಬೊಗ್ದಾನ್ ತಾನ್ಯೆವಿಚ್ ಮಾಂಟೆನೆಗ್ರೊ ಮೂಲದವರು; 1979ರಲ್ಲಿ ಸರಯೆವೊದ ಬೋಸ್ನಾ ತಂಡಕ್ಕೆ ಯುರೋಪಿನ ಚಾಂಪಿಯನ್ ಪಟ್ಟ ಗಳಿಸಿಕೊಟ್ಟವರು. ತಂಡ ಕೆಳ ದರ್ಜೆಗೆ ಜಾರಿದಾಗಲೂ ಅವರು ಅವಸರಪಡದೆ ಎತ್ತರದ, ಎಳೆಯ ಹುಡುಗರನ್ನು ಆರಿಸಿ ಬೆಳೆಸಿದರು.

ಅಂಥ ಹುಡುಗರು ಸಿಗುವ ನೆಲ ಗಡಿಯಾಚೆಗೇ ಇತ್ತು. 1970ರಲ್ಲಿ ಲ್ಯುಬ್ಲ್ಯಾನಾದಲ್ಲಿ ವಿಶ್ವ ಚಾಂಪಿಯನ್, 1980ರಲ್ಲಿ ಮಾಸ್ಕೋದಲ್ಲಿ ಒಲಿಂಪಿಕ್ ಚಾಂಪಿಯನ್ ಆದ ಯುಗೊಸ್ಲಾವಿಯ ಈ ಆಟದ ಮಹಾಶಕ್ತಿ. ಆದರೆ ಅಲ್ಲಿನ ಆಟಗಾರರು 28 ವರ್ಷ ತುಂಬುವ ಮೊದಲು ಹೊರದೇಶದಲ್ಲಿ ಆಡುವಂತಿರಲಿಲ್ಲ. ಯುಗೊಸ್ಲಾವಿಯದ ಜನಸಾಮಾನ್ಯರು ಜೀನ್ಸ್, ಕಾಫಿ ಕೊಳ್ಳಲು ವಾರಾಂತ್ಯಗಳಲ್ಲಿ ತ್ರಿಯೆಸ್ತೆಯ ಪೊಂತೆರೊಸ್ಸೊ ಚೌಕಕ್ಕೆ ಮುಗಿಬೀಳುತ್ತಿದ್ದ ದಿನಗಳಲ್ಲಿಯೂ ಆಟಗಾರರಿಗೆ ಮಾತ್ರ ಈ ಕಟ್ಟು ಇತ್ತು. ಆ ದೇಶ ಕುಸಿಯತೊಡಗಿದಾಗ ಕಟ್ಟೂ ಕಳಚಿತು. ಸ್ಲೊವೇನಿಯಾದ ಕ್ರಾನ್ಯ್‌ನಲ್ಲಿ ಹುಟ್ಟಿದ ಗ್ರೆಗರ್ ಫುಚ್ಕಾ ತ್ರಿಯೆಸ್ತೆಯಲ್ಲಿ ಬೆಳೆದು ಇಟಲಿಯ ಪೌರತ್ವ ಪಡೆದರು. ತಂಡಕ್ಕೆ ಇಬ್ಬರೇ ವಿದೇಶಿಯರೆಂಬ ಮಿತಿಯಿದ್ದ ಆ ಕಾಲದಲ್ಲಿ ಇದು ಸಣ್ಣ ಲಾಭವಲ್ಲ. ಕ್ರೊಯೇಷಿಯಾದ ಝದಾರ್ ತಂಡದಲ್ಲಿ ಆಡುತ್ತಿದ್ದ ಸರ್ಬಿಯಾದ ತರುಣ ದೆಯಾನ್ ಬೊದಿರೊಗಾ ಯುದ್ಧ ಹೊತ್ತಿಕೊಂಡ ಮೇಲೆ, 1992ರಲ್ಲಿ, ತಾನ್ಯೆವಿಚ್ ಗರಡಿಗೆ ಬಂದಾಗ ವಯಸ್ಸು ಹತ್ತೊಂಬತ್ತು. ಇವರ ಜೊತೆಗೆ ಊರಿನವರೇ ಆದ ಅಲೆಸ್ಸಾಂದ್ರೊ ದೆ ಪೋಲ್, ಕಸೆರ್ತಾದಿಂದ ಬಂದ ನಾಂದೊ ಜೆಂತಿಲೆ ಇದ್ದ ತಂಡ 1994ರಲ್ಲಿ ಯುರೋಪಿನ ಕೊರಾಚ್ ಕಪ್ಪಿನ ಅಂತಿಮ ಸುತ್ತಿಗೇರಿ ಗ್ರೀಸಿನ ಪಾವೋಕ್ ತಂಡಕ್ಕೆ ಸೋತಿತು.

ಸೋಲಿಗಿಂತ ದೊಡ್ಡ ಪೆಟ್ಟು ಅದೇ ಬೇಸಿಗೆಯಲ್ಲಿ ಬಿತ್ತು. ಸ್ತೆಫನೆಲ್ ಒಲಿಂಪಿಯಾ ಮಿಲಾನೊವನ್ನು ಕೊಂಡು, ತಾನ್ಯೆವಿಚ್, ಬೊದಿರೊಗಾ, ಫುಚ್ಕಾ, ದೆ ಪೋಲ್, ಜೆಂತಿಲೆ ಎಲ್ಲರನ್ನೂ ಅಲ್ಲಿಗೆ ಒಯ್ದಿತು. ಬಂದರಿನ ಸರಕು ಒಳನಾಡಿಗೆ ಸಾಗುವಂತೆ ಎಂಟು ವರ್ಷಗಳ ಬೆಳೆ ಮಿಲಾನಿಗೆ ಸಾಗಿತು, 1996ರಲ್ಲಿ ಮಿಲಾನಿಗೆ ಲೀಗ್ ಮತ್ತು ದೇಶೀಯ ಕಪ್ಪು ಎರಡೂ ದಕ್ಕಿದವು. ವ್ಯವಹಾರದ ದೃಷ್ಟಿಯಿಂದ ನಿರ್ಧಾರ ತಪ್ಪಲ್ಲವೆನ್ನಬಹುದಾದರೂ, ಊರಿನ ಅಭಿಮಾನಿಗಳಿಗೆ ಅದು ದ್ರೋಹವೆನಿಸಿದ್ದು ಸಹಜ. ತಾನ್ಯೆವಿಚ್ ಪದ್ಧತಿಯ ನಿಜವಾದ ಬೆಲೆ ತಿಳಿದದ್ದು 1999ರಲ್ಲಿ: ಅವರದೇ ತರಬೇತಿಯಲ್ಲಿ ಇಟಲಿ ಯುರೋಪಿನ ಚಾಂಪಿಯನ್ ಆಯಿತು, ಫುಚ್ಕಾ ಆ ಕೂಟದ ಶ್ರೇಷ್ಠ ಆಟಗಾರನೆನಿಸಿದರು, ದೆ ಪೋಲ್ ಕೂಡ ಆ ತಂಡದಲ್ಲಿದ್ದರು.

ಉಳಿದ ತಂಡಕ್ಕೆ ಹೆಸರು ಕೊಟ್ಟದ್ದು ‘ಇಲ್ಲಿ’ (Illy) ಎಂಬ ಊರಿನದೇ ಕಾಫಿ ಕಂಪನಿ. ತ್ರಿಯೆಸ್ತೆ ಮೆಡಿಟರೇನಿಯನ್ನಿನ ಪ್ರಮುಖ ಕಾಫಿ ಬಂದರು. ಕಾಫಿಯ ಹಣ ತಂಡವನ್ನು ಬಹುಕಾಲ ಹೊರಲಿಲ್ಲ. 1999ರಲ್ಲಿ ಸುಮಾರು ಏಳು ಸಾವಿರ ಆಸನಗಳ ಹೊಸ ಕ್ರೀಡಾಂಗಣ ಎದ್ದು ನಿಂತಿತಾದರೂ, 2004ರಲ್ಲಿ ಸಂಸ್ಥೆ ದಿವಾಳಿಯಾಗಿ ಕೆಳ ದರ್ಜೆಯಿಂದ ಮತ್ತೆ ಮೊದಲುಮಾಡಬೇಕಾಯಿತು. ಮೊದಲ ದರ್ಜೆಗೆ ಮರಳಲು 2018 ಬಂತು. 2023ರಲ್ಲಿ ಅಮೆರಿಕನ್ ಹೂಡಿಕೆದಾರರು ತಂಡವನ್ನು ಕೊಂಡ ವರ್ಷವೇ ಅದು ಮತ್ತೆ ಕೆಳಗಿಳಿದು, 2024ರಲ್ಲಿ ಪುನಃ ಮೇಲೇರಿತು. 2007ರ ಡಿಸೆಂಬರಿನಲ್ಲಿ ಸ್ಲೊವೇನಿಯಾದ ಗಡಿಯ ತಪಾಸಣೆ ರದ್ದಾಗಿ, 2023ರ ಅಕ್ಟೋಬರಿನಲ್ಲಿ ಇಟಲಿ ಅದನ್ನು ತಾತ್ಕಾಲಿಕವಾಗಿ ಮತ್ತೆ ತಂದಿತು. ತಂಡದ ಮಟ್ಟಿಗೆ ಅದರಿಂದ ಹೆಚ್ಚೇನೂ ಬದಲಾಗಲಿಲ್ಲ. ಏಕೆಂದರೆ ಒಡೆತನದಂತೆ ತರಬೇತುದಾರನೂ ಅಷ್ಟರಲ್ಲಿ ಅಮೆರಿಕದಿಂದಲೇ ಬಂದಿದ್ದರು. ಆಟ ನಡೆಯುವ ಕ್ರೀಡಾಂಗಣಕ್ಕಿರುವುದು ಮಾತ್ರ ಮಿಲಾನಿಗೆ ಹೊರಟುಹೋದ ರುಬೀನಿಯ ಹೆಸರು.